ಕೂಸಿನ ಗಾಡಿಗೊಂದು ಹಾದಿ

ಮಹಾಕಾವ್ಯವೆನಿಸಿಕೊಳ್ಳಲು ಹದಿನೆಂಟು ವರ್ಣನೆಗಳು ಇರಬೇಕೆಂದು ಹಳೆಯ ಲಾಕ್ಷಣಿಕರು ವಿಧಿಸಿದರು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಪರೀಕ್ಷೆಗಾಗಿ ಒಮ್ಮೆಯಾದರೂ ಬಾಯಿಪಾಠ ಮಾಡುವ ಪಟ್ಟಿ ಅದು: ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯ ಎಂದು ಮೊದಲಾಗಿ ನಾಯಕಾಭ್ಯುದಯದವರೆಗೆ ಅದು ಸಾಗುತ್ತದೆ. ಆ ಪಟ್ಟಿಯಲ್ಲಿ ಉದ್ಯಾನವಿದೆ. ಕೆಲವು ಹೆಸರುಗಳ ಅನಂತರ ಕುಮಾರೋದಯವೂ ಇದೆ. ಪ್ರಣಯಿಗಳು ಉದ್ಯಾನದಲ್ಲಿ ಹೂ ಕೊಯ್ಯುತ್ತಾರೆ. ಕುಮಾರನು ಅರಮನೆಯಲ್ಲಿ ಹುಟ್ಟುತ್ತಾನೆ. ಆದರೆ ಹುಟ್ಟಿದ ಕೂಸನ್ನು ಎತ್ತಿಕೊಂಡು ಅದೇ ಉದ್ಯಾನಕ್ಕೆ ಹೋಗುವ ತಾಯಿಗೆ ಆ ಪಟ್ಟಿಯಲ್ಲಿ ಬೇರೆಯೇ ಒಂದು ಹೆಸರಿಲ್ಲ. ಶಾಸ್ತ್ರದಲ್ಲಿ ಉಳಿದ ಈ ತೆರವು ಊರಿನ ರಸ್ತೆಯಲ್ಲಿಯೂ ಉಳಿದಿದೆ. ರಸ್ತೆ ಮಾಡುವಾಗ ಲಾರಿಯನ್ನು ನೆನೆದವರುಂಟು, ಬೈಕನ್ನು ನೆನೆದವರುಂಟು. ಒಂದು ವರ್ಷದ ಕೂಸಿನೊಡನೆ ಗಿಡಮರ ನೋಡಲು ಹೊರಟ ಹೆಂಗಸನ್ನು ನೆನೆದವರು ವಿರಳ.

ಈ ಮಾತನ್ನು ಕರಣಕೋಟದಂಥ ಊರಿನಲ್ಲಿಟ್ಟು ನೋಡಿದಾಗ ಅದರ ಅರ್ಥ ಇನ್ನಷ್ಟು ಆಳವಾಗುತ್ತದೆ. ತೆಲಂಗಾಣದ ವಿಕಾರಾಬಾದ್ ಜಿಲ್ಲೆಯ ತಾಂಡೂರಿಗೆ ಸೇರಿದ ಈ ಗ್ರಾಮವನ್ನು ಹೊರಗಿನವರು ಬಲ್ಲುದು ಭಾರತೀಯ ಸಿಮೆಂಟ್ ನಿಗಮದ ಕಾರ್ಖಾನೆಯಿಂದ. ಒಳಗಿನವರು ಬಲ್ಲುದು ಬೇರೆ: ಎರೆಹೊಲದ ತೊಗರಿ, ಪದರು ಪದರಾಗಿ ಬಿಚ್ಚಿಕೊಳ್ಳುವ ಕಲ್ಲು, ಬಾಯಿತುಂಬ ಬೆರೆತು ಬರುವ ಭಾಷೆಗಳು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಗುಲಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ತಾಂಡೂರು, ಕೊಡಂಗಲ್ ತಾಲ್ಲೂಕುಗಳು ಆಂಧ್ರಪ್ರದೇಶದಲ್ಲಿ ಉಳಿದವು. ಬೀದರ ಜಿಲ್ಲೆಯ ನಾರಾಯಣಖೇಡವೂ ಜಹೀರಾಬಾದಿನ ಬಹುಭಾಗವೂ ಹಾಗೆಯೇ ಆ ಕಡೆ ಉಳಿದವು. ಗಡಿಗೆರೆ ಹೊಲದ ಬದುವಿನಂತೆ ಎದ್ದು ನಿಂತಿತಾದರೂ ನೀರು ಅದನ್ನು ಮನ್ನಿಸಲಿಲ್ಲ. ತಾಂಡೂರಿನ ಬಳಿ ಕಾಗ್ನಾ ಎನಿಸಿಕೊಳ್ಳುವ ಹೊಳೆಯೇ ಕರ್ನಾಟಕಕ್ಕೆ ಬಂದು ಕಾಗಿಣಾ ಆಗುತ್ತದೆ, ಸೇಡಂ ಸೀಮೆಯಲ್ಲಿ ಮಳಖೇಡದ ಕೋಟೆಯನ್ನು ತೊಳೆದು ಭೀಮೆಯನ್ನು ಸೇರುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಒಂಬತ್ತನೆಯ ಶತಮಾನದಲ್ಲಿ ‘ಕವಿರಾಜಮಾರ್ಗ’ ಮೂಡಿದ ಆಸ್ಥಾನ. ಕನ್ನಡದ ಉಪಲಬ್ಧ ಮೊದಲ ಗ್ರಂಥದ ಹೆಸರಿನಲ್ಲಿಯೇ ‘ಮಾರ್ಗ’ವಿದೆ, ಅಂದರೆ ಹಾದಿಯಿದೆ. ಅದು ಕವಿಗಳಿಗೆ ಹಾಕಿಕೊಟ್ಟ ರಾಜಮಾರ್ಗ. ಆ ಹೊಳೆಯ ಮೇಲುಗಡೆಯ ಊರೊಂದರಲ್ಲಿ ಇಂದು ಬೇಕಾಗಿರುವುದು ಅದಕ್ಕಿಂತ ಬಹಳ ಚಿಕ್ಕ ಮಾರ್ಗ: ನಾಲ್ಕು ಪುಟ್ಟ ಗಾಲಿಗಳು ಎಡವದೆ ಉರುಳುವಷ್ಟು.

ದಸರೆಗೋ ಬಾಣಂತನ ಮುಗಿದ ಮೇಲೋ ಹೈದರಾಬಾದಿನಿಂದ ತವರಿಗೆ ಬರುವ ಮೊಮ್ಮಗಳು ಈಗ ತೊಟ್ಟಿಲ ಜೊತೆಗೆ ತಳ್ಳುಗಾಡಿಯೊಂದನ್ನೂ ತರುತ್ತಾಳೆ. ನಗರದ ವಸತಿ ಸಮುಚ್ಚಯದ ನುಣುಪು ನೆಲದಲ್ಲಿ ಬೆರಳ ತುದಿಯಿಂದ ತಳ್ಳಿದರೂ ಸಾಗುತ್ತಿದ್ದ ಗಾಡಿ ಊರಿನ ಓಣಿಗೆ ಬಂದೊಡನೆ ಮೊಂಡು ಕರುವಿನಂತೆ ನಿಂತುಬಿಡುತ್ತದೆ. ಕಟ್ಟೆಯ ಮೇಲೆ ಕುಳಿತ ಅಜ್ಜಿ ಅದನ್ನು ನೋಡಿ ನಕ್ಕು, “ಗಾಡಿ ಛಂದ ಅದ ಯವ್ವಾ, ಖರೇ ಇದು ಹೋಗೋ ಹಾದಿ ಎಲ್ಲದ?” ಎಂದು ಕೇಳಿದರೆ ಅದು ಬರಿಯ ಹಾಸ್ಯವಲ್ಲ. “ಹಾದಿ ಇಲ್ಲಂದ್ರ ಎತಗೊಂಡು ಹೋಗ್ತೀನಿ ಆಯಿ” ಎಂಬ ಉತ್ತರ ಬರಬಹುದು. ಆದರೆ ಎತ್ತಿಕೊಳ್ಳುವ ಸೊಂಟಕ್ಕೂ ಒಂದು ಮಿತಿಯಿದೆ. ಹೆರಿಗೆಯ ನೋವು ಪೂರ್ತಿ ಮಾಯದ ಮೈ, ಹತ್ತು ಕಿಲೋ ತೂಗುವ ಕೂಸು, ಕೈಯಲ್ಲಿ ನೀರಿನ ಬಾಟಲಿ: ಈ ಮೂರು ಸೇರಿದರೆ ನಡಿಗೆ ಓಣಿಯ ತಿರುವಿನಲ್ಲಿಯೇ ಮುಗಿಯುತ್ತದೆ. ಆಮೇಲೆ ನಡಿಗೆಯೇ ನಿಲ್ಲುತ್ತದೆ. ತಾಯಿ ಮನೆಯೊಳಗೆ ಉಳಿಯುತ್ತಾಳೆ; ಅವಳೊಡನೆ ಕೂಸೂ ಉಳಿಯುತ್ತದೆ; ಇಬ್ಬರ ನಡುವೆ ಮೊಬೈಲಿನ ಪರದೆ ಬೆಳಗುತ್ತದೆ.

ಈ ಗಾಡಿಯ ಚರಿತ್ರೆ ಸ್ವಾರಸ್ಯವಾದುದು. 1733ರ ಸುಮಾರಿಗೆ ಇಂಗ್ಲೆಂಡಿನ ಉದ್ಯಾನಶಿಲ್ಪಿ ವಿಲಿಯಂ ಕೆಂಟ್ ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಮಾಡಿಕೊಟ್ಟ ಬಂಡಿಯನ್ನು ಇದರ ಮೂಲವೆಂದು ಹೇಳುತ್ತಾರೆ. ಅದನ್ನು ಎಳೆಯಬೇಕಾದುದು ಚಿಕ್ಕ ಪ್ರಾಣಿ. ಓಡಾಡಬೇಕಾದುದು ದೊರೆಯ ತೋಟದಲ್ಲಿ. ಹೀಗೆ ಕೂಸಿನ ಗಾಡಿಯನ್ನು ಕಲ್ಪಿಸಿದವನೇ ತೋಟವನ್ನು ಕಲ್ಪಿಸುವವನೂ ಆಗಿದ್ದ. ಗಾಡಿಯೂ ಹಾದಿಯೂ ಜೊತೆಯಾಗಿ ಹುಟ್ಟಿದ್ದವು. ಅದು ಬಡವರ ಕೈಗೆಟುಕುವಷ್ಟು ಹಗುರವಾಗಲು ಇನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು. ಯುದ್ಧವಿಮಾನದ ಗಾಲಿಚೌಕಟ್ಟನ್ನು ರೂಪಿಸಿದ್ದ ಓವೆನ್ ಮೆಕ್ಲಾರೆನ್ ಎಂಬ ನಿವೃತ್ತ ಎಂಜಿನಿಯರ್, ವಿದೇಶದಿಂದ ಕೂಸಿನೊಡನೆ ಬಂದ ಮಗಳು ಭಾರದ ಗಾಡಿಯೊಂದಿಗೆ ಪಡುವ ಪಾಡನ್ನು ಕಂಡು, 1965ರಲ್ಲಿ ಅಲ್ಯೂಮಿನಿಯಂ ಕೊಳವೆಗಳ ಮಡಚುವ ಗಾಡಿಯನ್ನು ರೂಪಿಸಿದ. ತವರಿಗೆ ಬಂದ ಮಗಳ ಕಷ್ಟವೇ ಅಲ್ಲಿಯೂ ಕಾರಣವಾಯಿತೆಂಬುದನ್ನು ಗಮನಿಸಬೇಕು.

‘ಪ್ರ್ಯಾಮ್’ ಎಂಬುದು ‘ಪೆರಾಂಬ್ಯುಲೇಟರ್’ ಎಂಬ ಉದ್ದ ಪದದ ಮೊಟಕು ರೂಪ. ಅದರ ಲ್ಯಾಟಿನ್ ಧಾತುವಿಗೆ ಸುತ್ತಾಡು ಎಂದರ್ಥ. ಇನ್ನೊಂದು ಸಂಗತಿ ಭಾಷೆಯ ವಿದ್ಯಾರ್ಥಿಗಳಿಗೆ ಹಿಡಿಸೀತು: ಭಾರತದ ಹಳೆಯ ಮೋಜಣಿಗಳಲ್ಲಿ ದಾರಿಯ ಉದ್ದವನ್ನು ಅಳೆಯಲು ತಳ್ಳಿಕೊಂಡು ಹೋಗುತ್ತಿದ್ದ ಚಕ್ರಕ್ಕೂ ಪೆರಾಂಬ್ಯುಲೇಟರ್ ಎಂದೇ ಹೆಸರಿತ್ತು. ಆ ಚಕ್ರ ಉರುಳಿದಷ್ಟನ್ನೂ ಎಣಿಸಿ ಒಂದೂರಿನಿಂದ ಇನ್ನೊಂದೂರಿಗೆ ಇಷ್ಟು ದೂರವೆಂದು ಬರೆದುಕೊಳ್ಳುತ್ತಿದ್ದರು. ಒಂದೇ ಹೆಸರಿನ ಎರಡು ಚಕ್ರಗಳು. ಮೊದಲನೆಯದು ಹಾದಿಯ ಉದ್ದವನ್ನು ಅಳೆಯಿತು. ಎರಡನೆಯದು ಹಾದಿಯ ಸೌಜನ್ಯವನ್ನು ಅಳೆಯುತ್ತದೆ.

ಸೌಜನ್ಯವೆಂದರೆ ಇಲ್ಲಿ ಭಾವುಕ ಮಾತಲ್ಲ, ಅದಕ್ಕೆ ಅಳತೆಗಳಿವೆ. ಕಾಲುದಾರಿಯ ಅಗಲ ಕನಿಷ್ಠ 1.8 ಮೀಟರ್ ತೆರವಾಗಿರಬೇಕೆಂದೂ ರಸ್ತೆಯ ಮಟ್ಟದಿಂದ ಅದರ ಎತ್ತರ 150 ಮಿಲಿಮೀಟರ್ ಮೀರಬಾರದೆಂದೂ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಹೇಳುತ್ತದೆ. ಮೆಟ್ಟಿಲಿನ ಬದಲು ಇಳಿಜಾರು ಮಾಡುವುದಾದರೆ ಒಂದಕ್ಕೆ ಹನ್ನೆರಡರ ಪ್ರಮಾಣವಿರಬೇಕು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದದ ಸಾವಧಾನ. ಇದಕ್ಕಿಂತ ಕಡಿದಾದರೆ ತಳ್ಳುವ ಕೈ ಸೋಲುತ್ತದೆ, ಇಳಿಯುವಾಗ ಗಾಡಿ ಕೈಮೀರುತ್ತದೆ. ಗಾಡಿಗೆ ಶತ್ರುಗಳು ದೊಡ್ಡವೇನಲ್ಲ: ಒಂದು ಮೆಟ್ಟಿಲು, ಒಂದು ತೆರೆದ ಗಟಾರ, ಅಡ್ಡ ನಿಲ್ಲಿಸಿದ ಬೈಕು, ಸುರಿದು ಹೋದ ಜಲ್ಲಿ. ಮಳೆಗಾಲದಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿಕೊಂಡು ನಾಲ್ಕು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದನ್ನೇ ಬಿಡುತ್ತದೆ. ಅದೇ ಮಣ್ಣು ಬೇಸಿಗೆಯಲ್ಲಿ ಬಿರಿದು ಬಾಯಿ ತೆರೆಯುತ್ತದೆ. ಈ ಅಳತೆಗಳು ಕೂಸಿಗೆ ಮಾತ್ರವೂ ಅಲ್ಲ. ಕೋಲು ಊರಿ ನಡೆಯುವ ಅಜ್ಜ, ಗಾಲಿಕುರ್ಚಿಯ ಹುಡುಗ, ಕೊಡ ಹೊತ್ತ ಹೆಂಗಸು, ಹೊಟ್ಟೆಯಲ್ಲಿರುವ ಕೂಸನ್ನೇ ಹೊತ್ತವಳು, ಎಲ್ಲರಿಗೂ ಬೇಕಾದುದು ಅದೇ ಹಾದಿ. ಕೂಸಿನ ಗಾಡಿ ಸಾಗಿತೆಂದರೆ ಊರೇ ಸಾಗಿತೆಂದು ತಿಳಿಯಬಹುದು.

ಇಲ್ಲಿ ಒಂದು ವಿಡಂಬನೆಯಿದೆ. ಭೀಮಾ ಕಣಿವೆಯ ಈ ಸುಣ್ಣಕಲ್ಲನ್ನು ಕರ್ನಾಟಕದಲ್ಲಿ ಶಹಾಬಾದ ಕಲ್ಲೆಂದು, ತೆಲಂಗಾಣದಲ್ಲಿ ತಾಂಡೂರು ಕಲ್ಲೆಂದು ಕರೆಯುತ್ತಾರೆ. ಜನರ ಬಾಯಲ್ಲಿ ಅದು ಫರಸಿ. ಉಳಿಯ ಪೆಟ್ಟಿಗೆ ಹಾಳೆಯಂತೆ ಸೀಳುವ ಗುಣ ಅದಕ್ಕೆ ಹುಟ್ಟಿನಿಂದಲೇ ಬಂದುದು. ಈ ಸೀಮೆಯ ಹಳೆಯ ಮನೆಗಳ ಪಡಸಾಲೆ, ಅಂಗಳ, ಎಷ್ಟೋ ಕಡೆ ಮಾಳಿಗೆಯೂ ಇದೇ ಕಲ್ಲಿನದು. ಲಾರಿಗಳಲ್ಲಿ ದೂರದೂರಿನ ಅಂಗಳಗಳಿಗೆ ಹೋಗಿ ಅಲ್ಲಿನ ಮಕ್ಕಳ ಅಂಬೆಗಾಲಿಗೆ ತಂಪು ನೆಲವಾಗುವುದೂ ಇದೇ. ಕೂಸಿನ ಗಾಡಿಗೆ ಇದಕ್ಕಿಂತ ಹಿತವಾದ ಹಾಸು ಸಿಗುವುದು ಕಷ್ಟ. ಆದರೆ ಕಲ್ಲು ಹೊತ್ತ ಲಾರಿ ಹೋಗುವ ರಸ್ತೆಯಲ್ಲಿ ಕೂಸಿನ ಮೂಗಿನ ಮಟ್ಟಕ್ಕೆ ಏಳುವುದು ಧೂಳು. ಗಾಡಿಯಲ್ಲಿ ಕುಳಿತ ಮಗು ದೊಡ್ಡವರ ಮೊಣಕಾಲ ಎತ್ತರದಲ್ಲಿ ಉಸಿರಾಡುತ್ತದೆಂಬುದನ್ನು ನಿಂತು ನಡೆಯುವವರು ಮರೆಯುತ್ತಾರೆ.

ಹಾಗಾದರೆ ಜೋಳಿಗೆಯೇ ಮೇಲಲ್ಲವೆ? ಈ ಪ್ರಶ್ನೆಗೆ ನೇರವಾಗಿ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು. ಹೊಲದ ಬದುವಿನ ಬೇವಿನ ಕೊಂಬೆಗೆ ಹಳೆಯ ಸೀರೆ ಕಟ್ಟಿ ಕೂಸನ್ನು ತೂಗಿಬಿಟ್ಟು ಕಳೆ ತೆಗೆಯುವ ಹೆಂಗಸರಿಗೆ ಪ್ರಕೃತಿಯಲ್ಲಿ ವಿಹರಿಸಬೇಕೆಂಬ ಉಪದೇಶದ ಅಗತ್ಯವಿಲ್ಲ. ಅವರ ಕೂಸು ಎಲೆಯ ನೆರಳನ್ನು ನೋಡುತ್ತಲೇ ನಿದ್ದೆ ಹೋಗುತ್ತದೆ. ಆದರೆ ಅದು ವಿಹಾರವಲ್ಲ, ದುಡಿಮೆಯ ನಡುವಿನ ಏರ್ಪಾಡು. ಸೊಂಟದ ಮೇಲಿನ ಕೂಸಿಗೆ ಮಾತ್ರ ಒಂದು ಭಾಗ್ಯ ನಿಶ್ಚಿತ: ಹೊತ್ತವಳ ಮುಖ ಅದಕ್ಕೆ ಒಂದು ಗೇಣಿನ ದೂರದಲ್ಲಿದೆ. ಅವಳು ನೋಡಿದ್ದನ್ನು ಅದು ನೋಡುತ್ತದೆ, ಅವಳು ಹೆಸರಿಸಿದ್ದನ್ನು ಕೇಳುತ್ತದೆ. ತಳ್ಳುಗಾಡಿಯಲ್ಲಿ ಮುಂದಕ್ಕೆ ಮುಖಮಾಡಿ ಕುಳಿತ ಕೂಸಿಗೆ ತಳ್ಳುವವರ ಮುಖವೇ ಕಾಣದು. ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಸುಝಾನ್ ಝೀಡಿಕ್ 2008ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಪರಿಶೀಲಿಸಿತು: ಮುಖಾಮುಖಿಯಾಗಿ ಕೂರಿಸುವ ಗಾಡಿಗಳಲ್ಲಿ ತಾಯ್ತಂದೆಯರು ಮಕ್ಕಳೊಡನೆ ಮಾತಾಡುವುದು ಎರಡು ಪಟ್ಟಿನಷ್ಟು ಹೆಚ್ಚಾಗಿ ಕಂಡುಬಂದಿತು. ವಿಶ್ವ ಆರೋಗ್ಯ ಸಂಸ್ಥೆಯೂ 2019ರ ಮಾರ್ಗಸೂಚಿಯಲ್ಲಿ ಐದು ವರ್ಷದೊಳಗಿನ ಮಕ್ಕಳನ್ನು ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಗಾಡಿಯಲ್ಲಿ ಕಟ್ಟಿ ಕೂರಿಸಬಾರದೆಂದು ಹೇಳಿತು. ಗಾಡಿ ಸಾಧನ ಮಾತ್ರ. ತಾಯಿಯ ಸೊಂಟದ ಭಾರವನ್ನು ಅದು ಇಳಿಸಲಿ. ಅವಳ ಮಾತನ್ನು ಇಳಿಸಬಾರದು.

ಮಾತಿನ ಸಂಗತಿಯೇ ಇಲ್ಲಿ ಮುಖ್ಯವಾದುದು. ಕನ್ನಡದಲ್ಲಿ ನಡೆನುಡಿ ಎಂಬ ಜೋಡಿಪದವಿದೆ. ಶೀಲವನ್ನು ಕುರಿತು ಅದನ್ನು ಬಳಸುವ ದೊಡ್ಡವರು ಅದರ ಮೊದಲ ಅರ್ಥವನ್ನು ಕೂಸಿನಲ್ಲಿ ನೋಡಬೇಕು. ಸುಮಾರು ಒಂದೇ ವಯಸ್ಸಿನಲ್ಲಿ ಮಗು ನಡೆಯಲೂ ನುಡಿಯಲೂ ಕಲಿಯುತ್ತದೆ. ತಪ್ಪುಹೆಜ್ಜೆಯೂ ತೊದಲುನುಡಿಯೂ ಜೊತೆಯಾಗಿಯೇ ಬರುತ್ತವೆ. ತಪ್ಪುಹೆಜ್ಜೆಗೆ ತೆಲುಗಿನಲ್ಲಿ ತಪ್ಪಟಡುಗು ಎನ್ನುತ್ತಾರೆ. ನಡೆಯಲು ಕಲಿಯುವ ಕೂಸಿಗೆ ಬಡಗಿ ಮಾಡಿಕೊಡುವ ಮೂರು ಗಾಲಿಯ ಮರದ ಬಂಡಿಗೆ ಮರಾಠಿಯಲ್ಲಿ ಪಾಂಗುಳಗಾಡಾ ಎಂದು ಹೆಸರು. ಕಾಲಿಲ್ಲದವನ ಗಾಡಿ ಎಂಬ ಅಕ್ಕರೆಯ ಅಣಕ ಅದರಲ್ಲಿದೆ. ಈ ಗಡಿಯಲ್ಲಿ ‘ಆಯಿ’ ಎಂದು ಕೂಗಿದರೆ ಕನ್ನಡದ ಮನೆಯಲ್ಲಿ ಅಜ್ಜಿ ಓಗೊಡುತ್ತಾಳೆ, ಮರಾಠಿಯ ಮನೆಯಲ್ಲಿ ತಾಯಿ.

ಊರಾಚೆಯ ಬಂಡಿದಾರಿಯಲ್ಲಿ ಅರ್ಧ ಗಂಟೆ ಸುತ್ತಿದರೆ ಎಷ್ಟು ಪದಗಳು ಎದುರಾಗುತ್ತವೆ! ಬೇವು ತೆಲುಗಿನಲ್ಲಿ ವೇಪ, ಮರಾಠಿಯಲ್ಲಿ ಕಡುನಿಂಬ. ಹುಣಸೆ ಅಲ್ಲಿ ಚಿಂತ, ಇಲ್ಲಿ ಚಿಂಚ. ದಖ್ಖನಿ ಮಾತಿನವರಿಗೆ ಇಮ್ಲಿ. ಮಾಘ ಫಾಲ್ಗುಣಗಳಲ್ಲಿ ಎಲೆಯುದುರಿಸಿ ಕೆಂಡದಂತೆ ಹೂವಾಗುವ ಮುತ್ತಲ ಒಬ್ಬರಿಗೆ ಮೋದುಗ, ಇನ್ನೊಬ್ಬರಿಗೆ ಪಳಸ. ಹಳದಿ ಹೂವಿನ ತಂಗಡಿ ಅಥವಾ ಆವರಿಕೆ ತೆಲುಗಿನ ತಂಗೇಡು. ಬತುಕಮ್ಮನ ಹೂರಾಶಿಯಲ್ಲಿ ಅದು ಇರಲೇಬೇಕು, ತೆಲಂಗಾಣಕ್ಕೆ ಅದೇ ರಾಜ್ಯಪುಷ್ಪ. ದಸರೆಯ ಬನ್ನಿಯೇ ಜಮ್ಮಿ; ತೆಲಂಗಾಣದ ರಾಜ್ಯವೃಕ್ಷ. ತಂತಿಯ ಮೇಲೆ ಮಣ್ಣುಬಣ್ಣದ ಮುದ್ದೆಯಂತೆ ಕುಳಿತಿದ್ದು, ಹಾರಿದೊಡನೆ ರೆಕ್ಕೆಯಲ್ಲಿ ನೀಲಿಯನ್ನು ಬಿಚ್ಚುವ ನೀಲಕಂಠವನ್ನು ತೆಲುಗಿನಲ್ಲಿ ಪಾಲಪಿಟ್ಟ ಎನ್ನುತ್ತಾರೆ. ದಸರೆಯ ದಿನ ಅದನ್ನು ಕಂಡರೆ ಶುಭವೆಂದು ನಂಬುತ್ತಾರೆ. ಕರ್ನಾಟಕಕ್ಕೂ ತೆಲಂಗಾಣಕ್ಕೂ ರಾಜ್ಯಪಕ್ಷಿ ಈ ಒಂದೇ ಹಕ್ಕಿ. ಎರಡು ಸರಕಾರಗಳು ತಮ್ಮದೆಂದು ಸಾರಿದ ಹಕ್ಕಿ ಗಡಿಯ ತಂತಿಯ ಮೇಲೆ ಕುಳಿತು ಎರಡೂ ಕಡೆಯ ಹುಳುಗಳನ್ನು ತಿನ್ನುತ್ತದೆ. ಇನ್ನು ಚಂದಿರ: ತುತ್ತು ಉಣಿಸುವ ಹೊತ್ತಿಗೆ ಕನ್ನಡದವಳೂ ತೆಲುಗಿನವಳೂ ಅವನನ್ನು ಚಂದಮಾಮನೆಂದೇ ಕರೆಯುತ್ತಾರೆ, ಮರಾಠಿಯ ತಾಯಿಗೂ ಅವನು ಸೋದರಮಾವನೇ.

ಇಂಥ ಊರುಗಳಲ್ಲಿ ಕೂಸು ಬೆಳೆದು ಶಾಲೆಗೆ ಹೋದಾಗ ಅದರ ಕೈಗೆ ಬರುವುದು ಸಾಮಾನ್ಯವಾಗಿ ತೆಲುಗು ಪುಸ್ತಕ, ಇಲ್ಲವೆ ಇಂಗ್ಲಿಷ್ ಪುಸ್ತಕ. ಅದರಲ್ಲಿ ತಪ್ಪೇನಿಲ್ಲ, ನೆಲದ ಭಾಷೆಯನ್ನು ಕಲಿಯಲೇಬೇಕು, ಎರಡು ಭಾಷೆಯಲ್ಲಿ ಬೆಳೆದ ಮಗುವಿಗೆ ಎರಡು ಕಣ್ಣು ಬಂದಂತೆ. ಆದರೆ ಕನ್ನಡಕ್ಕೆ ಅಲ್ಲಿ ಬೇರೆ ಪಾಠಶಾಲೆ ಸಿಗುವುದು ದುರ್ಲಭವಾದಾಗ ಉಳಿಯುವುದು ಶಾಲೆಗೆ ಮುಂಚಿನ ಮೂರು ನಾಲ್ಕು ವರ್ಷಗಳು, ಮತ್ತು ಆ ವರ್ಷಗಳ ಅಜ್ಜಿ. ಅಡಿಗೆಮನೆಯಲ್ಲಿ ಕುಳಿತು ಅಜ್ಜಿ ಕಲಿಸಬಹುದಾದ ಪದಗಳು ಅಡಿಗೆಮನೆಯಷ್ಟೇ. ಬದು, ಒಡ್ಡು, ಹಳ್ಳ, ಮಡು, ಕುಂಟಿ, ಕೂರಿಗೆ, ಗೀಜಗ, ಬೆಳವ ಎಂಬ ಪದಗಳನ್ನು ಕಲಿಸಲು ಅವಳು ಹೊರಗೆ ಹೋಗಬೇಕು. ಮೊಣಕಾಲು ನೋಯುವ ಅಜ್ಜಿಗೆ ಕೂಸನ್ನು ಎತ್ತಿ ನಡೆಯಲಾಗದು. ತಳ್ಳಿ ನಡೆಯಬಲ್ಲಳು, ಗಾಡಿಯ ಹಿಡಿಯೇ ಅವಳಿಗೆ ಊರುಗೋಲೂ ಆದೀತು. ಹೀಗೆ ಒಂದು ಕಿಲೋಮೀಟರ್ ಸಮತಟ್ಟಾದ ಹಾದಿ ಇಲ್ಲದಿರುವುದು ಪದಕೋಶದ ಕೆಲವು ಪುಟಗಳು ಇಲ್ಲದಂತಾಗುವುದಕ್ಕೆ ಸಮ. ಭಾಷೆ ನಶಿಸುತ್ತಿದೆಯೆಂದು ವೇದಿಕೆಗಳಲ್ಲಿ ಮರುಗುವವರು ಒಮ್ಮೆ ಓಣಿಯ ಗಟಾರಕ್ಕೆ ಹಾಸುಗಲ್ಲು ಹಾಕಿಸಿದರೆ ಅದೂ ಭಾಷಾಸೇವೆಯೇ.

ಎಲ್ಲಿಗೆ ಹೋಗಬೇಕೆಂಬುದಕ್ಕೆ ಪ್ರಸಿದ್ಧ ಹೆಸರುಗಳು ಸಾಕಷ್ಟಿವೆ. ವಿಕಾರಾಬಾದಿನ ಬಳಿಯ ಅನಂತಗಿರಿ ಮೂಸಿ ನದಿಯ ಉಗಮಸ್ಥಾನ; ಅಲ್ಲಿನ ಕಾಡುದಾರಿಗಳಲ್ಲಿ ಕಲ್ಲೂ ಬೇರೂ ಮೆಟ್ಟಿಲೂ ಇರುವುದರಿಂದ ಎಳೆಯ ಕೂಸಿಗೆ ಜೋಳಿಗೆಯೇ ಸರಿ. ಗಡಿಯಾಚೆ ಚಿಂಚೋಳಿಯ ಅರಣ್ಯವನ್ನು 2011ರಲ್ಲಿ ವನ್ಯಜೀವಿಧಾಮವೆಂದು ಘೋಷಿಸಲಾಯಿತು. ಅಲ್ಲಿನ ಚಂದ್ರಂಪಳ್ಳಿ ಜಲಾಶಯದ ನೀರನ್ನು ತೋರಿಸಿದರೆ ಯಾವ ಕೂಸೂ ಕೈ ಚಾಚದೆ ಇರದು. ದೂರದ ಬೆಂಗಳೂರಿನಲ್ಲಿ ಹೈದರಾಲಿ 1760ರಲ್ಲಿ ತೊಡಗಿಸಿದ, ಇಂದು 240 ಎಕರೆಯಷ್ಟಿರುವ ಲಾಲ್‌ಬಾಗಿನ ಅಗಲವಾದ ಹಾದಿಗಳಲ್ಲಿ ಬೆಳಗಿನ ಹೊತ್ತು ಕೂಸಿನ ಗಾಡಿಗಳು ಸಲೀಸಾಗಿ ಉರುಳುತ್ತವೆ. ಆದರೆ ಒಂದು ವರ್ಷದ ಮಗುವಿಗೆ ಪ್ರವಾಸಿತಾಣದ ಹಂಗಿಲ್ಲ. ಅದಕ್ಕೆ ಒಂದು ಬೇವಿನ ಮರ, ಎರಡು ಆಡಿನ ಮರಿ, ನೀರು ನಿಂತ ಒಂದು ಹೊಂಡ ಇದ್ದರೆ ಒಂದು ಬೆಳಗು ತುಂಬುತ್ತದೆ. ಹೊತ್ತನ್ನು ಮಾತ್ರ ನೋಡಿಕೊಳ್ಳಬೇಕು. ಈ ಸೀಮೆಯಲ್ಲಿ ತೊಗರಿ ಹೂವಾಡುವ ಕಾಲದಿಂದ ರಾಶಿ ಮುಗಿಯುವವರೆಗಿನ ಚಳಿಯ ತಿಂಗಳುಗಳೇ ಒಳ್ಳೆಯವು. ಬೇಸಿಗೆಯಲ್ಲಿ ಸೂರ್ಯ ಏರುವ ಮುನ್ನವೇ ಮರಳಬೇಕು. ಬಿಸಿಲಿಗೆಂದು ಗಾಡಿಯ ಮೇಲೆ ಪೂರ್ತಿ ಬಟ್ಟೆ ಹೊದಿಸಿದರೆ ಒಳಗೆ ಗಾಳಿಯಾಡದೆ ಸೆಕೆ ಹೆಚ್ಚುತ್ತದೆ. ನೆರಳು ಬೇಕು, ಮುಚ್ಚಳ ಬೇಡ. ಕತ್ತು ಇನ್ನೂ ನಿಲ್ಲದ ಕೂಸನ್ನು ಕುಲುಕಾಡುವ ದಾರಿಯಲ್ಲಿ ಗಾಡಿಯಲ್ಲಿ ಒಯ್ಯಬಾರದು. ನಡೆಯಲು ಕಲಿತ ಮಗುವನ್ನು ಅಲ್ಲಲ್ಲಿ ಇಳಿಸಿ ಮಣ್ಣು ಮುಟ್ಟಲು ಬಿಡಬೇಕು. ಇಳಿಸದೆ ತಂದ ಮಗು ಗಾಡಿಯನ್ನಷ್ಟೇ ಕಂಡಂತೆ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕ್ಷೇತ್ರಕಾರ್ಯಕ್ಕೆಂದು ದೂರದ ಜಾತ್ರೆಗಳಿಗೆ ಹೋಗುವುದುಂಟು. ಅದರ ನಡುವೆ ಒಂದು ಭಾನುವಾರದ ಬೆಳಗನ್ನು ಮನೆಯ ಅಥವಾ ನೆರೆಮನೆಯ ಕೂಸೊಂದಕ್ಕೆ ಮೀಸಲಿಟ್ಟು, ಅದರ ಅಜ್ಜಿಯನ್ನೂ ಕರೆದುಕೊಂಡು, ಊರಿನ ಒಂದು ಕಿಲೋಮೀಟರ್ ಹಾದಿಯನ್ನು ಗಾಡಿ ತಳ್ಳುತ್ತ ಅಳೆಯಬಹುದು. ಕೈಯಲ್ಲಿ ಒಂದು ನೋಟುಪುಸ್ತಕ, ಅದರಲ್ಲಿ ಎರಡು ಕಲಮುಗಳು ಸಾಕು. ಒಂದರಲ್ಲಿ ಹಾದಿ ನಿಲ್ಲಿಸಿದ ಸ್ಥಳಗಳು: ಮೆಟ್ಟಿಲು, ಗಟಾರ, ಜಲ್ಲಿ, ಕೆಸರು. ಇನ್ನೊಂದರಲ್ಲಿ ಕೂಸು ನಿಲ್ಲಿಸಿದ ಸ್ಥಳಗಳು: ಅದು ಬೆರಳು ಮಾಡಿ ತೋರಿಸಿದ್ದೇನು, ಅಜ್ಜಿ ಅದಕ್ಕೆ ಯಾವ ಭಾಷೆಯಲ್ಲಿ ಯಾವ ಹೆಸರು ಹೇಳಿದಳು. ಮೊದಲನೆಯ ಪಟ್ಟಿಯನ್ನು ಗ್ರಾಮ ಪಂಚಾಯಿತಿಗೆ ಕೊಡಬೇಕು, ಎರಡನೆಯದನ್ನು ಕನ್ನಡ ವಿಭಾಗಕ್ಕೆ. ಮೊದಲನೆಯ ಪಟ್ಟಿ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತ ಬಂದರೆ ಎರಡನೆಯದು ತಾನಾಗಿಯೇ ಹಿರಿದಾಗುತ್ತದೆ.